ಗೆರೆ ಎಳೆಯುವ ಮೊದಲು: ದತ್ತಾಂಶ ಚಿತ್ರಣದಲ್ಲಿ ಮೂರು ತೀರ್ಮಾನಗಳು

ದತ್ತಾಂಶ ವಿಶ್ಲೇಷಣೆಯ ಪಾಠಗಳು ಸಾಮಾನ್ಯವಾಗಿ ಚಾರ್ಟಿನ ಆಯ್ಕೆಯಿಂದ ಶುರುವಾಗುತ್ತವೆ. ಕಾಲಕ್ರಮಕ್ಕೆ ಗೆರೆ, ಹೋಲಿಕೆಗೆ ಸ್ತಂಭ, ಪಾಲು ತೋರಿಸಲು ಪೈ ಎಂಬುದು ಆರಂಭದ ಸೂತ್ರ. ಈ ಸೂತ್ರ ತಪ್ಪಲ್ಲ, ಆದರೆ ಅದು ತಡವಾಗಿ ಬರುತ್ತದೆ. ಓದುಗರನ್ನು ದಾರಿ ತಪ್ಪಿಸುವ ಬಹುಪಾಲು ಚಿತ್ರಗಳಲ್ಲಿ ದೋಷ ಹುಟ್ಟುವುದು ಬಣ್ಣ ಅಥವಾ ಆಕಾರದಲ್ಲಲ್ಲ, ಅದಕ್ಕೂ ಮೊದಲು ಆಗಿಹೋದ ಮೂರು ತೀರ್ಮಾನಗಳಲ್ಲಿ ಎಂಬುದು ಈ ಟಿಪ್ಪಣಿಯ ವಾದ. ಕೋಷ್ಟಕದ ಯಾವ ಸಾಲುಗಳನ್ನು ಒಳಗೆ ಸೇರಿಸಿಕೊಂಡೆವು, ಅವನ್ನು ಯಾವ ಗುಂಪುಗಳಾಗಿ ಒಡೆದೆವು, ಯಾವ ಛೇದದಿಂದ ಭಾಗಿಸಿದೆವು ಎಂಬುವೇ ಆ ಮೂರು. ಇವು ಸರಿಯಾಗಿದ್ದರೆ ಸಾಧಾರಣ ಚಾರ್ಟೂ ನಿಜ ಹೇಳುತ್ತದೆ. ಇವು ತಪ್ಪಿದ್ದರೆ ಎಂಥ ಸುಂದರ ಡ್ಯಾಶ್‌ಬೋರ್ಡೂ ಉಪಯೋಗಕ್ಕೆ ಬರುವುದಿಲ್ಲ.

ಇದಕ್ಕೆ ಆಧಾರವಾಗಿ ಅಂಕಿಅಂಶ ಶಾಸ್ತ್ರದ ಚರಿತ್ರೆಯಲ್ಲಿ ದಾಖಲಾಗಿರುವ ಮೂರು ಪ್ರಕರಣಗಳನ್ನೂ ಕರ್ನಾಟಕದ 2001 ಮತ್ತು 2011ರ ಜನಗಣತಿಯ ಅಂಕಿಗಳನ್ನೂ ಬಳಸಿಕೊಂಡಿದ್ದೇನೆ. ಲೆಕ್ಕಗಳನ್ನು ಓದುಗರು ತಾವೇ ಮಾಡಿ ನೋಡಬಹುದಾದಂತೆ ಮೂಲಸಂಖ್ಯೆಗಳನ್ನು ಕೊಟ್ಟಿದ್ದೇನೆ.

1. ಮೊದಲು ಎಲ್ಲ ಚುಕ್ಕಿಗಳು

ಸಾರಾಂಶದ ಸಂಖ್ಯೆಗಳು ಎಷ್ಟನ್ನು ಮರೆಮಾಡಬಲ್ಲವು ಎಂಬುದಕ್ಕೆ ಸಂಖ್ಯಾಶಾಸ್ತ್ರಜ್ಞ ಫ್ರಾನ್ಸಿಸ್ ಆನ್ಸ್‌ಕೊಂಬ್ 1973ರಲ್ಲಿ ಕೊಟ್ಟ ಉದಾಹರಣೆಯನ್ನು ಮೀರಿಸುವುದು ಕಷ್ಟ. ಆತ ನಾಲ್ಕು ಸಣ್ಣ ದತ್ತಾಂಶಗಳನ್ನು ರೂಪಿಸಿದ. ಪ್ರತಿಯೊಂದರಲ್ಲೂ 11 ಜೋಡಿಗಳು. ನಾಲ್ಕರಲ್ಲೂ ಎಕ್ಸ್‌ನ ಸರಾಸರಿ 9, ವೈನ ಸರಾಸರಿ 7.5. ಮಾನಕ ವಿಚಲನೆಗಳು ಒಂದೇ, ಸಹಸಂಬಂಧ ಗುಣಾಂಕ ಸುಮಾರು 0.82, ಅಂಕಿಗಳಿಗೆ ಹೊಂದುವ ಸರಳರೇಖೆಯ ಸಮೀಕರಣವೂ ಒಂದೇ: ವೈ = 3 + 0.5 ಎಕ್ಸ್. ವರದಿಯ ಕೋಷ್ಟಕದಲ್ಲಿ ನೋಡಿದರೆ ನಾಲ್ಕಕ್ಕೂ ವ್ಯತ್ಯಾಸವೇ ಇಲ್ಲ.

ಚುಕ್ಕಿಗಳನ್ನು ಗುರುತಿಸಿದ ಕೂಡಲೇ ನಾಲ್ಕೂ ಬೇರೆಬೇರೆಯಾಗುತ್ತವೆ. ಮೊದಲನೆಯದು ಗೆರೆಯ ಸುತ್ತ ಸಹಜವಾಗಿ ಚದುರಿದ ಚುಕ್ಕಿಗಳ ಗುಂಪು. ಎರಡನೆಯದು ನಯವಾದ ಬಾಗು, ಅಲ್ಲಿ ಸರಳರೇಖೆಗೆ ಜಾಗವೇ ಇಲ್ಲ. ಮೂರನೆಯದರಲ್ಲಿ ಹತ್ತು ಚುಕ್ಕಿಗಳು ಒಂದೇ ಗೆರೆಯ ಮೇಲಿವೆ, ಹನ್ನೊಂದನೆಯದು ಮಾತ್ರ ಮೇಲಕ್ಕೆ ಸಿಡಿದು ಇಡೀ ರೇಖೆಯನ್ನು ತನ್ನತ್ತ ಎಳೆದಿದೆ. ನಾಲ್ಕನೆಯದರಲ್ಲಿ ಹತ್ತು ಚುಕ್ಕಿಗಳಿಗೂ ಎಕ್ಸ್‌ನ ಬೆಲೆ 8, ಉಳಿದ ಒಂದಕ್ಕೆ 19. ಆ ಒಂದನ್ನು ತೆಗೆದರೆ ಸಹಸಂಬಂಧವೆಂಬುದೇ ಇಲ್ಲ.

ಈ ದತ್ತಾಂಶ ಆರ್ ತಂತ್ರಾಂಶದಲ್ಲಿ ಮೊದಲಿನಿಂದಲೇ ಅಡಕವಾಗಿದೆ. ಹೊಸದಾಗಿ ಈ ಕೆಲಸಕ್ಕೆ ಇಳಿದವರು ಒಮ್ಮೆ ಕೈಯಾರೆ ಬಿಡಿಸಿ ನೋಡಬೇಕು. ಇಲ್ಲಿಂದ ಸಿಗುವ ಪದ್ಧತಿ ಸರಳ: ಸರಾಸರಿ ತೆಗೆಯುವ ಮೊದಲು ಮೂಲ ಬೆಲೆಗಳ ಹಂಚಿಕೆಯನ್ನು ನೋಡಿ, ಎರಡು ಚರಗಳ ಸಂಬಂಧ ಹೇಳುವ ಮೊದಲು ಚದುರಿಕೆಯ ಚಿತ್ರ ಬಿಡಿಸಿ. ಇವು ಪ್ರಕಟಣೆಗಲ್ಲ, ವಿಶ್ಲೇಷಕರ ಸ್ವಂತ ತಪಾಸಣೆಗೆ. ಜಾನ್ ಟೂಕಿ 1977ರ ತಮ್ಮ ಗ್ರಂಥದಲ್ಲಿ ಒಂದು ಶಿಸ್ತಾಗಿ ಕಟ್ಟಿಕೊಟ್ಟ ಅನ್ವೇಷಕ ವಿಶ್ಲೇಷಣೆಯ ತಿರುಳೂ ಇದೇ.

2. ಯಾವ ಸಾಲುಗಳು ಒಳಗೆ?

1986ರ ಜನವರಿ 27ರ ಸಂಜೆ ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾ ಮತ್ತು ಘನ ಇಂಧನದ ರಾಕೆಟ್ ತಯಾರಿಸುತ್ತಿದ್ದ ಮಾರ್ಟನ್ ಥಯೋಕೋಲ್ ಕಂಪನಿಯ ನಡುವೆ ದೂರವಾಣಿ ಸಭೆ ನಡೆಯಿತು. ಮರುದಿನ ಚಾಲೆಂಜರ್ ನೌಕೆಯ ಉಡಾವಣೆ. ಕೊರೆಯುವ ಚಳಿಯ ಮುನ್ಸೂಚನೆಯಿತ್ತು. ರಾಕೆಟ್ಟಿನ ಭಾಗಗಳು ಕೂಡುವ ಕಡೆ ಬಿಸಿ ಅನಿಲವನ್ನು ತಡೆಯುವ ರಬ್ಬರ್ ಉಂಗುರಗಳು ಚಳಿಯಲ್ಲಿ ಗಡುಸಾಗಬಹುದೆಂದು ಕಂಪನಿಯ ಎಂಜಿನಿಯರುಗಳು ಉಡಾವಣೆ ಬೇಡವೆಂದರು. ಅವರ ವಾದ ನಿಲ್ಲಲಿಲ್ಲ. ಮರುದಿನ ನೌಕೆ ಮೇಲೇರಿದ 73 ಸೆಕೆಂಡಿಗೆ ಛಿದ್ರವಾಗಿ ಏಳು ಮಂದಿ ಸತ್ತರು.

ವಿಶ್ಲೇಷಕರು ಗಮನಿಸಬೇಕಾದದ್ದು ತನಿಖಾ ಆಯೋಗದ ವರದಿಯಲ್ಲಿ ಅಕ್ಕಪಕ್ಕ ಬರುವ ಎರಡು ಚಿತ್ರಗಳನ್ನು. ಮೊದಲನೆಯದರಲ್ಲಿ ಉಂಗುರಗಳಿಗೆ ಹಾನಿಯಾಗಿದ್ದ ಏಳು ಹಾರಾಟಗಳಷ್ಟೇ ಇವೆ. ಹಾನಿಯಾದ ಹಾರಾಟಗಳಲ್ಲಿ ಒಂದು ಉಂಗುರಗಳ ತಾಪಮಾನ 53 ಡಿಗ್ರಿ ಫ್ಯಾರನ್‌ಹೀಟ್ ಇದ್ದಾಗ, ಇನ್ನೊಂದು 75 ಡಿಗ್ರಿ ಇದ್ದಾಗ ನಡೆದದ್ದು. ಚಳಿಯಲ್ಲೂ ಹಾನಿ, ಬೆಚ್ಚಗಿದ್ದಾಗಲೂ ಹಾನಿ, ಹಾಗಾಗಿ ತಾಪಮಾನಕ್ಕೂ ಹಾನಿಗೂ ಸಂಬಂಧವಿಲ್ಲವೆಂದು ಕಾಣುತ್ತದೆ. ಎರಡನೆಯ ಚಿತ್ರಕ್ಕೆ ಹಾನಿಯಾಗದ ಹಾರಾಟಗಳನ್ನೂ ಸೇರಿಸಲಾಗಿದೆ. ಒಟ್ಟು 24 ಹಾರಾಟ. 66 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚಿದ್ದ 20 ಹಾರಾಟಗಳಲ್ಲಿ ಹಾನಿ ಕಂಡದ್ದು ಮೂರರಲ್ಲಿ. 63 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆಯಿದ್ದ ನಾಲ್ಕರಲ್ಲಿ, ನಾಲ್ಕರಲ್ಲೂ. ಚಾಲೆಂಜರ್ ಮೇಲೇರಿದಾಗ ಹೊರಗಿನ ತಾಪಮಾನ 36 ಡಿಗ್ರಿ. ಹೊರಗಿನ ತಾಪಮಾನದ ಲೆಕ್ಕದಲ್ಲಿ ಇದು ಹಿಂದಿನ ಅತ್ಯಂತ ತಂಪಿನ ಉಡಾವಣೆಗಿಂತಲೂ 15 ಡಿಗ್ರಿ ಕಡಿಮೆ.

ದುರಂತಕ್ಕೆ ಒಂದು ಗ್ರಾಫನ್ನೇ ಹೊಣೆ ಮಾಡುವುದು ನ್ಯಾಯವಲ್ಲ. ಎಂಜಿನಿಯರುಗಳು ಎಚ್ಚರಿಸಿದ್ದರು, ಆಡಳಿತದ ಒತ್ತಡಗಳೂ ಇದ್ದವು. ಆದರೂ ಪಾಠ ಸ್ಪಷ್ಟವಿದೆ. ಕೆಟ್ಟದ್ದು ನಡೆದ ಸಾಲುಗಳನ್ನಷ್ಟೇ ಸೋಸಿ ತೆಗೆದರೆ ಅದರ ಕಾರಣ ಆ ಸಾಲುಗಳಲ್ಲಿ ಕಾಣುವುದಿಲ್ಲ, ನಡೆದ ಮತ್ತು ನಡೆಯದ ಸಾಲುಗಳ ನಡುವಿನ ವ್ಯತ್ಯಾಸದಲ್ಲಿ ಕಾಣುತ್ತದೆ. ಗ್ರಾಹಕರ ದೂರು, ಶಾಲೆ ಬಿಟ್ಟ ಮಕ್ಕಳು, ಮರುಪಾವತಿಯಾಗದ ಸಾಲ, ಇವುಗಳ ವಿಶ್ಲೇಷಣೆಯಲ್ಲೆಲ್ಲ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ದೂರು ಕೊಡದವರು, ಶಾಲೆಯಲ್ಲೇ ಉಳಿದವರು, ಸಾಲ ತೀರಿಸಿದವರು ಈ ಕೋಷ್ಟಕದಲ್ಲಿ ಇದ್ದಾರೆಯೇ? ಕೋಷ್ಟಕವನ್ನು ಸೋಸಿದ ಪ್ರತಿ ಹಂತದಲ್ಲೂ ಎಷ್ಟು ಸಾಲು ಉಳಿಯಿತು, ಎಷ್ಟು ಬಿಟ್ಟುಹೋಯಿತು, ಏಕೆ ಎಂದು ಬರೆದಿಡುವ ಅಭ್ಯಾಸ ಇಲ್ಲಿ ನಮ್ಮನ್ನು ಕಾಪಾಡುತ್ತದೆ.

3. ಯಾವ ಗುಂಪುಗಳಾಗಿ?

1973ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಆವರಣದ ಸ್ನಾತಕೋತ್ತರ ವಿಭಾಗಗಳಿಗೆ ಅರ್ಜಿ ಹಾಕಿದ ಗಂಡಸರಲ್ಲಿ ಶೇ. 44ರಷ್ಟು, ಹೆಂಗಸರಲ್ಲಿ ಶೇ. 35ರಷ್ಟು ಮಂದಿಗೆ ಪ್ರವೇಶ ಸಿಕ್ಕಿತು. ಮೇಲ್ನೋಟಕ್ಕೆ ಇದು ತಾರತಮ್ಯ. ಪೀಟರ್ ಬಿಕೆಲ್ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು 1975ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಇದೇ ಅಂಕಿಗಳನ್ನು ವಿಭಾಗವಾರು ಒಡೆದು ನೋಡಿತು.

ಅತಿ ದೊಡ್ಡ ಆರು ವಿಭಾಗಗಳ ಅಂಕಿಗಳು ಪಠ್ಯಪುಸ್ತಕಗಳಲ್ಲಿ ಎ ಯಿಂದ ಎಫ್‌ವರೆಗಿನ ಅಕ್ಷರಗಳ ಹೆಸರಲ್ಲಿ ಸಿಗುತ್ತವೆ. ಎ ವಿಭಾಗದಲ್ಲಿ 825 ಗಂಡಸರಲ್ಲಿ ಶೇ. 62, 108 ಹೆಂಗಸರಲ್ಲಿ ಶೇ. 82 ಮಂದಿಗೆ ಪ್ರವೇಶ ಸಿಕ್ಕಿದೆ. ಬಿ ಯಲ್ಲಿ ಕ್ರಮವಾಗಿ 63 ಮತ್ತು 68, ಸಿ ಯಲ್ಲಿ 37 ಮತ್ತು 34, ಡಿ ಯಲ್ಲಿ 33 ಮತ್ತು 35, ಇ ಯಲ್ಲಿ 28 ಮತ್ತು 24, ಎಫ್‌ನಲ್ಲಿ 6 ಮತ್ತು 7. ಆರರಲ್ಲಿ ನಾಲ್ಕು ಕಡೆ ಹೆಂಗಸರ ಪ್ರಮಾಣವೇ ಹೆಚ್ಚು. ಆದರೆ ಆರೂ ವಿಭಾಗಗಳನ್ನು ಕೂಡಿಸಿದರೆ ಗಂಡಸರದು ಶೇ. 45, ಹೆಂಗಸರದು ಶೇ. 30.

ಕಾರಣ ಅರ್ಜಿಗಳ ಹಂಚಿಕೆಯಲ್ಲಿದೆ. ಪ್ರವೇಶ ಸುಲಭವಿದ್ದ ಎ ಮತ್ತು ಬಿ ವಿಭಾಗಗಳಿಗೆ ಈ ಆರರ 2,691 ಗಂಡಸರಲ್ಲಿ 1,385 ಮಂದಿ, ಎಂದರೆ ಅರ್ಧಕ್ಕಿಂತ ಹೆಚ್ಚು ಜನ, ಅರ್ಜಿ ಹಾಕಿದ್ದರು. 1,835 ಹೆಂಗಸರಲ್ಲಿ ಅಲ್ಲಿಗೆ ಹೋದವರು 133 ಮಾತ್ರ. ಉಳಿದವರೆಲ್ಲ ಪೈಪೋಟಿ ಹೆಚ್ಚಿದ್ದ ವಿಭಾಗಗಳಲ್ಲಿದ್ದರು. ಆಯಾ ವಿಭಾಗದ ಒಟ್ಟು ಅರ್ಜಿಗಳನ್ನೇ ಇಬ್ಬರಿಗೂ ಸಮಾನ ತೂಕವಾಗಿ ಇಟ್ಟು ಮತ್ತೆ ಲೆಕ್ಕ ಹಾಕಿದರೆ ಗಂಡಸರಿಗೆ ಶೇ. 39, ಹೆಂಗಸರಿಗೆ ಶೇ. 43 ಬರುತ್ತದೆ. ಹೀಗೆ ಎರಡು ಗುಂಪುಗಳನ್ನು ಒಂದೇ ತೂಕಕ್ಕೆ ತಂದು ಹೋಲಿಸುವ ವಿಧಾನ ಎಕ್ಸೆಲ್‌ನಲ್ಲಿ ಎರಡು ಕಾಲಂಗಳ ಕೆಲಸ. ಆಸ್ಪತ್ರೆಗಳ ಮರಣ ಪ್ರಮಾಣವಾಗಲಿ ಶಾಲೆಗಳ ಫಲಿತಾಂಶವಾಗಲಿ, ಒಳಗಿರುವ ಜನರ ಸ್ವರೂಪ ಬೇರೆಯಿದ್ದಾಗ ಹೀಗೆ ಮಾಡದೆ ಹೋಲಿಸುವುದು ಸಲ್ಲ.

ಇಲ್ಲಿಗೆ ನಿಲ್ಲಿಸಿ ತಾರತಮ್ಯವೇ ಇರಲಿಲ್ಲ ಎನ್ನುವುದೂ ಅವಸರದ ಮಾತು. ಹೆಣ್ಣುಮಕ್ಕಳು ಪೈಪೋಟಿ ಹೆಚ್ಚಿರುವ, ಅವಕಾಶ ಕಡಿಮೆಯಿರುವ ವಿಷಯಗಳತ್ತ ಸರಿಯುವಂತೆ ಸಮಾಜವೂ ಹಿಂದಿನ ಶಿಕ್ಷಣವೂ ಮಾಡಿರುತ್ತವೆ ಎಂಬುದರತ್ತ ಆ ಅಧ್ಯಯನವೇ ಬೊಟ್ಟು ಮಾಡಿತು. ಗುಂಪು ಒಡೆಯುವುದರಿಂದ ಪ್ರಶ್ನೆ ಮುಗಿಯುವುದಿಲ್ಲ, ಅದು ಸರಿಯಾದ ಜಾಗಕ್ಕೆ ಹೋಗುತ್ತದೆ. ಚಿತ್ರದಲ್ಲಿ ಇದನ್ನು ತೋರಿಸಲು ಆರು ಸಣ್ಣ ಫಲಕಗಳನ್ನು ಒಂದೇ ಅಳತೆಯಲ್ಲಿ ಪಕ್ಕಪಕ್ಕ ಇಡುವುದು ಒಳ್ಳೆಯ ಕ್ರಮ. ಪ್ರತಿ ಫಲಕದಲ್ಲೂ ಅರ್ಜಿದಾರರ ಸಂಖ್ಯೆಯನ್ನು ಬರೆದಿರಬೇಕು. ಅದಿಲ್ಲದೆ ಎ ವಿಭಾಗದ 825 ಮತ್ತು 108ರ ನಡುವಿನ ಅಂತರ ಯಾರ ಕಣ್ಣಿಗೂ ಬೀಳುವುದಿಲ್ಲ.

4. ಯಾವ ಛೇದ?

ಮೂರನೆಯ ತೀರ್ಮಾನಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆ ಇದೆ. 2011ರ ಜನಗಣತಿಯಂತೆ ಕರ್ನಾಟಕದ ಜನಸಂಖ್ಯೆ 6,10,95,297. ಅಕ್ಷರಸ್ಥರು 4,06,47,322. ಈ ಎರಡು ಸಂಖ್ಯೆ ಕೈಗೆ ಸಿಕ್ಕ ವಿಶ್ಲೇಷಕ ಒಂದರಿಂದ ಇನ್ನೊಂದನ್ನು ಭಾಗಿಸಿದರೆ ಬರುವ ಉತ್ತರ ಶೇ. 66.53. ಆದರೆ ಜನಗಣತಿ ಪ್ರಕಟಿಸಿದ ಸಾಕ್ಷರತೆ ಶೇ. 75.36. ವ್ಯತ್ಯಾಸ ಒಂಬತ್ತು ಅಂಶಗಳಷ್ಟು.

ಜನಗಣತಿಯ ಛೇದದಲ್ಲಿ 7 ವರ್ಷ ಮತ್ತು ಅದಕ್ಕೆ ಮೇಲ್ಪಟ್ಟವರು ಮಾತ್ರ ಇರುತ್ತಾರೆ. 6 ವರ್ಷದವರೆಗಿನ 71,61,033 ಮಕ್ಕಳನ್ನು ಕಳೆದರೆ ಉಳಿಯುವುದು 5,39,34,264. ಇದರಿಂದ ಭಾಗಿಸಿದಾಗ 75.36 ಸರಿಯಾಗಿ ಬರುತ್ತದೆ. ತಪ್ಪು ಛೇದದ ಪರಿಣಾಮ ಕಾಣುವುದು ಕಾಲದ ಗೆರೆ ಎಳೆದಾಗ. 2001ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 66.64. ಆ ಪ್ರಕಟಿತ ಅಂಕಿಯ ಪಕ್ಕದಲ್ಲಿ ತಾನೇ ಲೆಕ್ಕ ಹಾಕಿದ 66.53 ಅನ್ನು ಇಟ್ಟರೆ ಗೆರೆ ಬಹುತೇಕ ಅಡ್ಡಲಾಗಿ ಮಲಗುತ್ತದೆ. ಹತ್ತು ವರ್ಷಗಳ ಶಾಲೆ, ಮೇಷ್ಟ್ರು, ಬಿಸಿಯೂಟ, ಸಾಕ್ಷರತಾ ಆಂದೋಲನ ಎಲ್ಲವೂ ಒಂದು ಭಾಗಾಕಾರದಲ್ಲಿ ಅಳಿಸಿಹೋಗುತ್ತವೆ. ಆ ಗ್ರಾಫಿನ ಬಣ್ಣ, ಅಕ್ಷರ, ವಿನ್ಯಾಸ ಎಲ್ಲವೂ ಸರಿಯಾಗಿಯೇ ಇರಬಹುದು.

ಜೊತೆಗೊಂದು ಮಾತು. 66.64ರಿಂದ 75.36ಕ್ಕೆ ಏರಿದ್ದನ್ನು ‘ಶೇ. 8.72ರಷ್ಟು ಏರಿಕೆ’ ಎಂದು ಬರೆಯುವುದು ಸಡಿಲ ಬರವಣಿಗೆ. ಏರಿದ್ದು 8.72 ಶೇಕಡಾವಾರು ಅಂಶ. ಮೂಲ ಪ್ರಮಾಣಕ್ಕೆ ಹೋಲಿಸಿದರೆ ಏರಿಕೆ ಸುಮಾರು ಶೇ. 13. ಎರಡೂ ನಿಜ. ಯಾವುದನ್ನು ಹೇಳುತ್ತಿದ್ದೇವೆಂದು ಶೀರ್ಷಿಕೆಯಲ್ಲೇ ತಿಳಿಸಬೇಕು.

5. ಕಣ್ಣಿಗೆ ಯಾವ ಅಳತೆ ಸುಲಭ?

ಈ ಮೂರೂ ತೀರ್ಮಾನವಾದ ಮೇಲೆ ಆಕಾರದ ಪ್ರಶ್ನೆ. ಇದಕ್ಕೆ ಪ್ರಯೋಗಗಳ ಆಧಾರವಿದೆ. ವಿಲಿಯಂ ಕ್ಲೀವ್‌ಲ್ಯಾಂಡ್ ಮತ್ತು ರಾಬರ್ಟ್ ಮೆಕ್‌ಗಿಲ್ 1984ರಲ್ಲಿ ಜನರಿಗೆ ಬಗೆಬಗೆಯ ಚಿತ್ರ ತೋರಿಸಿ ಬೆಲೆಗಳನ್ನು ಅಂದಾಜು ಮಾಡಿಸಿದರು. ಒಂದೇ ಅಳತೆಗೋಲಿನ ಮೇಲಿನ ಸ್ಥಾನವನ್ನು ಜನ ಅತ್ಯಂತ ಖಚಿತವಾಗಿ ಗುರುತಿಸುತ್ತಾರೆ. ಉದ್ದ ಅದಕ್ಕಿಂತ ಕೆಳಗೆ, ಕೋನ ಮತ್ತು ವಿಸ್ತೀರ್ಣ ಇನ್ನೂ ಕೆಳಗೆ, ಬಣ್ಣದ ಗಾಢತೆ ಕೊನೆಯ ಸಾಲಿನಲ್ಲಿ. 2010ರಲ್ಲಿ ಜೆಫ್ರಿ ಹೀರ್ ಮತ್ತು ಮೈಕ್ ಬೋಸ್ಟಾಕ್ ಅಂತರ್ಜಾಲದ ಮೂಲಕ ಈ ಪ್ರಯೋಗವನ್ನು ಮತ್ತೆ ನಡೆಸಿ ಬಹುಮಟ್ಟಿಗೆ ಇದೇ ಕ್ರಮವನ್ನು ಕಂಡರು.

ಜಿಲ್ಲೆಗಳ ಸಾಕ್ಷರತೆಯನ್ನೇ ತೆಗೆದುಕೊಳ್ಳೋಣ. 2011ರಲ್ಲಿ ಎಲ್ಲಕ್ಕಿಂತ ಮೇಲೆ ದಕ್ಷಿಣ ಕನ್ನಡ, ಶೇ. 88.57. ಎಲ್ಲಕ್ಕಿಂತ ಕೆಳಗೆ ಯಾದಗಿರಿ, ಶೇ. 51.83. ಸ್ತಂಭ ಬಿಡಿಸಿ ಅಕ್ಷವನ್ನು 50ರಿಂದ ಆರಂಭಿಸಿದರೆ ದಕ್ಷಿಣ ಕನ್ನಡದ ಸ್ತಂಭ ಯಾದಗಿರಿಯದಕ್ಕಿಂತ 21 ಪಟ್ಟು ಎತ್ತರವಾಗಿ ಕಾಣುತ್ತದೆ. ನಿಜವಾದ ಅನುಪಾತ 1.7 ಪಟ್ಟು. ಸ್ತಂಭದಲ್ಲಿ ಕಣ್ಣು ಓದುವುದು ಉದ್ದವನ್ನಾದ್ದರಿಂದ ಅಕ್ಷ ಸೊನ್ನೆಯಿಂದಲೇ ಹೊರಡಬೇಕು. ಚುಕ್ಕಿಯಲ್ಲಿ ಓದುವುದು ಸ್ಥಾನವನ್ನು, ಆದ್ದರಿಂದ ಅಲ್ಲಿ ಈ ಕಟ್ಟಳೆಯಿಲ್ಲ.

ಚುಕ್ಕಿಗೆ ಇನ್ನೊಂದು ಅನುಕೂಲವಿದೆ. ಪ್ರತಿ ಜಿಲ್ಲೆಗೆ ಒಂದು ಸಾಲು, ಸಾಲಿನ ಮೇಲೆ ಹೆಂಗಸರಿಗೆ ಒಂದು ಚುಕ್ಕಿ, ಗಂಡಸರಿಗೆ ಒಂದು ಚುಕ್ಕಿ, ನಡುವೆ ಒಂದು ತೆಳು ಗೆರೆ. ರಾಜ್ಯಕ್ಕೆ ಈ ಚುಕ್ಕಿಗಳು 68.08 ಮತ್ತು 82.47. ಯಾದಗಿರಿಗೆ 41.38 ಮತ್ತು 62.25, ಗೆರೆಯ ಉದ್ದ ಸುಮಾರು 21 ಅಂಶ. ದಕ್ಷಿಣ ಕನ್ನಡಕ್ಕೆ 84.13 ಮತ್ತು 93.13, ಗೆರೆ 9 ಅಂಶ. ಒಟ್ಟು ಮಟ್ಟ, ಹೆಣ್ಣು–ಗಂಡಿನ ಅಂತರ, ಜಿಲ್ಲೆಗಳ ನಡುವಿನ ಅಂತರ ಮೂರೂ ಒಂದೇ ನೋಟಕ್ಕೆ ಸಿಗುತ್ತವೆ. ದಕ್ಷಿಣ ಕನ್ನಡದ ಹೆಂಗಸರ ಚುಕ್ಕಿ ಯಾದಗಿರಿಯ ಗಂಡಸರ ಚುಕ್ಕಿಗಿಂತ ಬಹಳ ಬಲಕ್ಕಿದೆ ಎಂಬುದು ಒಬ್ಬರೂ ವಿವರಿಸದೆ ಕಾಣುತ್ತದೆ. ಸಾಲುಗಳನ್ನು ಅಕಾರಾದಿಯಾಗಿ ಜೋಡಿಸದೆ ಅಂತರದ ಕ್ರಮದಲ್ಲಿ ಜೋಡಿಸಿದರೆ ಗಮನ ಎಲ್ಲಿ ಬೇಕೆಂಬುದೂ ತಿಳಿಯುತ್ತದೆ.

6. ಭೂಪಟದ ಆಕರ್ಷಣೆ, ಭೂಪಟದ ಮಿತಿ

ಜಿಲ್ಲಾವಾರು ಅಂಕಿ ಸಿಕ್ಕಿದೊಡನೆ ಭೂಪಟಕ್ಕೆ ಬಣ್ಣ ತುಂಬುವ ಆಸೆ ಸಹಜ. ಬೆಂಗಳೂರು ನಗರ ಜಿಲ್ಲೆಯದು ರಾಜ್ಯದ ವಿಸ್ತೀರ್ಣದಲ್ಲಿ ಶೇ. 1ಕ್ಕಿಂತ ತುಸು ಹೆಚ್ಚು ನೆಲ. ಆದರೆ 2011ರಲ್ಲಿ ಅಲ್ಲಿದ್ದವರು 96,21,551 ಮಂದಿ, ರಾಜ್ಯದ ಸುಮಾರು ಶೇ. 16ರಷ್ಟು ಜನ. ಉತ್ತರ ಕನ್ನಡದ್ದು ಅದರ ನಾಲ್ಕೂವರೆ ಪಟ್ಟಿಗೂ ಹೆಚ್ಚಿನ ನೆಲ, ಜನ 14,37,169. ಬಣ್ಣದ ಭೂಪಟದಲ್ಲಿ ಕಣ್ಣು ತುಂಬುವುದು ಕಾಡು, ಘಟ್ಟ, ಹೊಲ. ಜನ ಕಿಕ್ಕಿರಿದ ಜಾಗ ಒಂದು ಸಣ್ಣ ತೇಪೆ.

ವರ್ಗಾಂತರಗಳ ಆಯ್ಕೆ ಇನ್ನೂ ಸೂಕ್ಷ್ಮದ ವಿಷಯ. 2011ರಲ್ಲಿ ಚದರ ಕಿಲೋಮೀಟರಿಗೆ ಜನಸಾಂದ್ರತೆ ಕೊಡಗಿನಲ್ಲಿ 135, ಬೆಂಗಳೂರು ನಗರದಲ್ಲಿ 4,381. ಈ ವ್ಯಾಪ್ತಿಯನ್ನು ಐದು ಸಮ ಭಾಗ ಮಾಡಿದರೆ ಒಂದೊಂದು ಸುಮಾರು 849ರಷ್ಟು ಅಗಲ. ಮೊದಲ ವರ್ಗ 135ರಿಂದ 984ರವರೆಗೆ. ಅಂದಿನ 30 ಜಿಲ್ಲೆಗಳಲ್ಲಿ 29 ಅದರೊಳಗೇ ಬೀಳುತ್ತವೆ, ನಡುವಿನ ಮೂರು ಬಣ್ಣಗಳಿಗೆ ಒಂದು ಜಿಲ್ಲೆಯೂ ಇಲ್ಲ. ಅದರ ಬದಲು ವರ್ಗಕ್ಕೆ ಆರಾರು ಜಿಲ್ಲೆಯಂತೆ ಹಂಚಿದರೆ ಚಿತ್ರ ಬಣ್ಣಬಣ್ಣವಾಗುತ್ತದೆ. ಆದರೆ 500ಕ್ಕೂ ಕಡಿಮೆ ಸಾಂದ್ರತೆಯ ಮೈಸೂರು, ದಕ್ಷಿಣ ಕನ್ನಡಗಳು 4,381ರ ಬೆಂಗಳೂರಿನ ಜೊತೆ ಒಂದೇ ಬಣ್ಣ ತೊಡುತ್ತವೆ. ಒಂದೇ ದತ್ತಾಂಶದಿಂದ ಎರಡು ರಾಜ್ಯಗಳು ಮೂಡಿದಂತೆ ತೋರುತ್ತದೆ.

ಇಂಥ ಕಡೆ ಲಘುಗಣಕದ ಅಳತೆ ನೆರವಾಗುತ್ತದೆ. ಸಾಂದ್ರತೆ ಪ್ರತಿ ಬಾರಿ ಎರಡು ಪಟ್ಟಾದಾಗ ಬಣ್ಣ ಒಂದು ಮೆಟ್ಟಿಲು ಏರುವಂತೆ ಮಾಡಿದರೆ 135ರಿಂದ 4,381ರವರೆಗೆ ಐದು ಮೆಟ್ಟಿಲು ಮತ್ತು ಸ್ವಲ್ಪ. ಕೆಳಗಿನ ಜಿಲ್ಲೆಗಳ ನಡುವಿನ ಭೇದವೂ ಉಳಿಯುತ್ತದೆ, ಬೆಂಗಳೂರೂ ಬೇರೆಯಾಗಿ ನಿಲ್ಲುತ್ತದೆ. ಬಣ್ಣಗಳಿಗೆ ಸಿಂಥಿಯಾ ಬ್ರೂವರ್ ರೂಪಿಸಿದ ಕಲರ್‌ಬ್ರೂವರ್ ಶ್ರೇಣಿಗಳು ಉಚಿತವಾಗಿ ಸಿಗುತ್ತವೆ, ಕ್ಯೂಜಿಐಎಸ್‌ನಲ್ಲೂ ಇವೆ. ಕೆಂಪು–ಹಸಿರಿನ ಭೇದ ಕಾಣದ ಓದುಗರಿಗೂ ತಿಳಿಯುವ ಶ್ರೇಣಿಯನ್ನೇ ಆರಿಸಬೇಕು. ಭೂಪಟ ‘ಎಲ್ಲಿ’ ಎಂಬ ಪ್ರಶ್ನೆಗೆ ಉತ್ತರ ಕೊಡಲಿ. ‘ಎಷ್ಟು’ ಎಂಬುದಕ್ಕೆ ಪಕ್ಕದಲ್ಲಿ ಚುಕ್ಕಿಗಳ ಸಾಲು ಇರಲಿ.

7. ಗಡಿ ಬದಲಾದಾಗ

ಕಾಲಕ್ರಮದ ಹೋಲಿಕೆಯಲ್ಲಿ ಸಾಲು, ಗುಂಪು, ಛೇದ ಮೂರೂ ಒಟ್ಟಿಗೆ ಪರೀಕ್ಷೆಗೊಳಗಾಗುವ ಒಂದು ಪ್ರಸಂಗವಿದೆ. 2001ರ ಜನಗಣತಿಯ ವೇಳೆ ಕರ್ನಾಟಕದಲ್ಲಿ 27 ಜಿಲ್ಲೆಗಳಿದ್ದವು, 2011ರಲ್ಲಿ 30, ವಿಜಯನಗರ ಸೇರಿ ಈಗ 31. ಗುಲ್ಬರ್ಗಾ ಜಿಲ್ಲೆಯ ಜನಸಂಖ್ಯೆ 2001ರಲ್ಲಿ 31,30,922, 2011ರಲ್ಲಿ 25,66,326. ಹಾಗೇ ಗೆರೆ ಎಳೆದರೆ ಹತ್ತು ವರ್ಷದಲ್ಲಿ ಶೇ. 18ರಷ್ಟು ಜನ ಕಡಿಮೆಯಾದರು. ಬರ, ಗುಳೆ ಎಂದು ವಿವರಣೆಗಳನ್ನೂ ಹೊಸೆಯಬಹುದು. ನಿಜಸಂಗತಿ ಬೇರೆ. ನಡುವೆ ಯಾದಗಿರಿ ಪ್ರತ್ಯೇಕ ಜಿಲ್ಲೆಯಾಯಿತು. ಅದರ 11,74,271 ಜನರನ್ನು ಸೇರಿಸಿದರೆ ಮೊತ್ತ 37,40,597. ಹಳೆಯ ಗಡಿಯೊಳಗೆ ಜನಸಂಖ್ಯೆ ಶೇ. 19ಕ್ಕೂ ಹೆಚ್ಚು ಏರಿದೆ.

ಹೆಸರುಗಳದೂ ಇಂಥದೇ ತೊಡಕು. 2014ರ ನವೆಂಬರ್ 1ರಿಂದ ಗುಲ್ಬರ್ಗಾ ಕಲಬುರಗಿಯಾಯಿತು, ಬಿಜಾಪುರ ವಿಜಯಪುರವಾಯಿತು. ಇಂಗ್ಲಿಷ್ ಕಾಗುಣಿತದಲ್ಲಂತೂ ಒಂದೊಂದು ಕಡತದಲ್ಲಿ ಒಂದೊಂದು ರೂಪ. ಎರಡು ಕೋಷ್ಟಕಗಳನ್ನು ಹೆಸರಿನ ಆಧಾರದ ಮೇಲೆ ಜೋಡಿಸಿದರೆ ಹೊಂದದ ಜಿಲ್ಲೆಗಳು ಸದ್ದಿಲ್ಲದೆ ಬಿದ್ದುಹೋಗುತ್ತವೆ, ಚಿತ್ರದಲ್ಲಿ ಖಾಲಿ ಜಾಗವೂ ಕಾಣದಿರಬಹುದು. ಜನಗಣತಿಯ ಸಂಕೇತಸಂಖ್ಯೆಗಳಿಂದ ಜೋಡಿಸುವುದು, ಅವು ಬದಲಾಗಿದ್ದರೆ ಹಳತು–ಹೊಸತರ ಹೊಂದಾಣಿಕೆ ಪಟ್ಟಿ ಮಾಡಿಕೊಳ್ಳುವುದು, ಜೋಡಿಸಿದ ಮೇಲೆ ಸಾಲುಗಳನ್ನು ಎಣಿಸುವುದು, ರಾಜ್ಯದ ಮೊತ್ತ ಮೂಲದೊಡನೆ ತಾಳೆಯಾಗುತ್ತದೆಯೇ ನೋಡುವುದು: ಈ ನಾಲ್ಕು ಹೆಜ್ಜೆ ತಪ್ಪಿಸಬಾರದು.

8. ಫಲಿತ

ಇಲ್ಲಿ ನೋಡಿದ ಯಾವ ಪ್ರಕರಣದಲ್ಲೂ ತಂತ್ರಾಂಶದ ಕೊರತೆ ಇರಲಿಲ್ಲ. ಚಾಲೆಂಜರ್‌ನ ಚಿತ್ರಕ್ಕೆ ಗ್ರಾಫ್ ಕಾಗದ ಸಾಕಾಗಿತ್ತು, ಬರ್ಕ್ಲಿಯ ಲೆಕ್ಕಕ್ಕೆ ಕಾಗದ ಪೆನ್ಸಿಲ್ ಸಾಕು, ಕರ್ನಾಟಕದ ಸಾಕ್ಷರತೆಗೆ ಒಂದು ವ್ಯವಕಲನ ಮತ್ತು ಒಂದು ಭಾಗಾಕಾರ ಸಾಕು. ಆದ್ದರಿಂದ ವಿಶ್ಲೇಷಕರ ತರಬೇತಿಯಲ್ಲಿ ಪವರ್ ಬಿಐ, ಟ್ಯಾಬ್ಲೋ, ಪೈಥಾನ್‌ಗಳಿಗೆ ಕೊಡುವ ಸಮಯದ ಒಂದು ಪಾಲನ್ನು ಈ ಮೂರು ತೀರ್ಮಾನಗಳಿಗೆ ಮೀಸಲಿಡಬೇಕು ಎಂಬುದು ನನ್ನ ಅಭಿಪ್ರಾಯ. ಜಿಲ್ಲಾ ಪಂಚಾಯಿತಿಯ ವರದಿಯಾಗಲಿ ಪತ್ರಿಕೆಯ ಅಂಕಿಚಿತ್ರವಾಗಲಿ, ಪ್ರತಿ ಚಿತ್ರದ ಅಡಿಯಲ್ಲಿ ಎರಡು ಸಾಲು ಇರಲೇಬೇಕು: ಇದರಲ್ಲಿ ಯಾರು ಸೇರಿದ್ದಾರೆ, ಯಾರು ಸೇರಿಲ್ಲ, ಯಾವುದನ್ನು ಯಾವುದರಿಂದ ಭಾಗಿಸಲಾಗಿದೆ. ಈ ಎರಡು ಸಾಲನ್ನು ಬರೆಯಲಾಗದಿದ್ದರೆ ಆ ಚಿತ್ರ ಪ್ರಕಟಣೆಗೆ ಇನ್ನೂ ಸಿದ್ಧವಾಗಿಲ್ಲ. ಓದುಗರೂ ಈ ಎರಡು ಸಾಲನ್ನು ಕೇಳಿ ಪಡೆಯಬೇಕು.